ತಲೆಯಾಡಿಸುವ ಅಪ್ಪ

ಮಾರ್ಚ್ ೪, ಸೋಮವಾರ

ಮಗಳು ಚಿಟಿಕೆಯ ಎಡಗಣ್ಣು ಸೋಮಾರಿಯಂತೆ. ಕಣ್ಣಿನ ಡಾಕ್ಟರಮ್ಮ ಬಳಸಿದ ಮಾತೇ ಅದು. ಕಣ್ಣಿಗೆ ಏನೂ ಆಗಿಲ್ಲ, ಮಿದುಳು ಬಲಗಣ್ಣಿನ ಮಾತನ್ನಷ್ಟೇ ಕೇಳುತ್ತಾ ಎಡಗಣ್ಣನ್ನು ಮೂಲೆಗೆ ಕೂರಿಸಿದೆ. ದಿನಾ ಮಧ್ಯಾಹ್ನ ಬಲಗಣ್ಣಿಗೆ ಪಟ್ಟಿ ಅಂಟಿಸಿ ಮುಚ್ಚಬೇಕು. ಆಗ ಎಡಗಣ್ಣು ವಿಧಿಯಿಲ್ಲದೆ ಕೆಲಸಕ್ಕೆ ಇಳಿಯುತ್ತದೆ.

"ಈಗ ಐದು ವರ್ಷ. ಇನ್ನು ತಡ ಮಾಡಿದ್ರೆ ಈ ಕಣ್ಣು ಕಲಿಯೋದನ್ನೇ ಬಿಟ್ಬಿಡುತ್ತೆ. ಆಮೇಲೆ ಕನ್ನಡಕ ಹಾಕಿದ್ರೂ ಅಷ್ಟೇ, ಆಪರೇಷನ್ ಮಾಡಿದ್ರೂ ಅಷ್ಟೇ," ಎಂದರು ಡಾಕ್ಟರಮ್ಮ. "ಅಳ್ತಾಳೆ ಅಂತ ಮಾತ್ರ ಬಿಡ್ಬೇಡಿ."

ಬಿಡುವುದಿಲ್ಲ ಎಂದು ದೊಡ್ಡದಾಗಿ ಹೇಳಿ ಬಂದೆ. ಮೊದಲ ಪಟ್ಟಿ ಬಾಗಿಲು ದಾಟುವ ಮೊದಲೇ ಕಿತ್ತು ಬಂತು, ಹುಬ್ಬಿನ ನಾಲ್ಕು ಕೂದಲನ್ನೂ ಜೊತೆಗೆ ಕಿತ್ತುಕೊಂಡು. ಕಾಯುತ್ತಿದ್ದವರೆಲ್ಲ ನಮ್ಮನ್ನೇ ನೋಡಿದರು. ಒಬ್ಬರು "ಪಾಪ" ಎಂದರು. ಆ ಪದ ಕೇಳಿದರೆ ನನಗೀಗ ಮೈ ಉರಿಯುತ್ತದೆ. ಎರಡು ತಿಂಗಳಿಂದ ಅದನ್ನು ಕೇಳಿ ಕೇಳಿ ಸಾಕಾಗಿದೆ.

ಚಿಟಿಕೆಯ ಅಪ್ಪ ಹೋಗಿ ಎರಡು ತಿಂಗಳು. ಎದೆ ಯಾಕೋ ಹಿಡಿದುಕೊಂಡಿದೆ ಎಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಲಿಫ್ಟ್ ರಿಪೇರಿ ಮಾಡುವವರು. ಸಂಜೆ ಬಂದು ಕೈಯ ಗ್ರೀಸು ತೊಳೆಯುತ್ತಾ ನಿಂತರೆ ನಾನು ನನ್ನ ದಿನದ ಸಿಟ್ಟನ್ನೆಲ್ಲ ಅವರ ಬೆನ್ನಿಗೆ ಸುರಿಯುತ್ತಿದ್ದೆ. ಈಗ ಸುರಿಯಲು ಈ ಪುಸ್ತಕ ಕೊಂಡಿದ್ದೇನೆ. ಇದಕ್ಕೆ ಬೆನ್ನಿಲ್ಲ, ಆದರೆ ಎದುರು ಮಾತೂ ಆಡುವುದಿಲ್ಲ.

ಚಿಟಿಕೆಗೆ ಇನ್ನೂ ಹೇಳಿಲ್ಲ. ಆ ದಿನ ಏನು ಹೇಳಬೇಕೆಂದು ತೋಚದೆ ಅತ್ತೆ, "ಅಪ್ಪ ದೊಡ್ಡ ಲಿಫ್ಟ್ ರಿಪೇರಿಗೆ ಹೋಗಿದಾನೆ ಮಗಾ, ತುಂಬಾ ಎತ್ತರದ್ದು, ಬರೋದು ತಡ ಆಗುತ್ತೆ" ಎಂದುಬಿಟ್ಟರು. ಅದನ್ನೇ ನಾವೆಲ್ಲ ಹಿಡಿದುಕೊಂಡಿದ್ದೇವೆ. ನಾನೂ ತಿದ್ದಲಿಲ್ಲ.

ಮಾರ್ಚ್ ೭, ಗುರುವಾರ

ನಮ್ಮ ಸ್ಟುಡಿಯೋಗೆ ಈಗ ಫೋಟೋ ತೆಗೆಸುವವರಿಗಿಂತ ಫೋಟೋ ಕುಣಿಸುವವರೇ ಜಾಸ್ತಿ ಬರುತ್ತಾರೆ. ಅಂಗಡಿಯವರಿಗೆಲ್ಲ ಜಿಫ್ ಬೇಕು. ಇವತ್ತು ಚಪ್ಪಲಿ ಅಂಗಡಿಯದು: ಬೂಟಿನ ಲೇಸು ತಾನೇ ಕಟ್ಟಿಕೊಳ್ಳಬೇಕು, ಬಿಚ್ಚಿಕೊಳ್ಳಬೇಕು, ಮತ್ತೆ ಕಟ್ಟಿಕೊಳ್ಳಬೇಕು. ಕೆಲಸವೇನು ದೊಡ್ಡದಲ್ಲ. ಸ್ವಲ್ಪ ಸ್ವಲ್ಪ ಬದಲಾಗುವ ನಿಂತ ಚಿತ್ರಗಳನ್ನು ಸಾಲಾಗಿ ಪೋಣಿಸಬೇಕು, ಒಂದೊಂದಕ್ಕೂ ಕಣ್ಣು ಮಿಟುಕಿಸುವಷ್ಟು ಹೊತ್ತು ಕೊಡಬೇಕು, ಕೊನೆಯದು ಮುಗಿದೊಡನೆ ಮೊದಲನೆಯದು ಬರಬೇಕು. ಕಷ್ಟವಿರುವುದು ಆ ಕೂಡುವ ಜಾಗದಲ್ಲಿ. ಕೊನೆಯ ಚಿತ್ರಕ್ಕೂ ಮೊದಲನೆಯದಕ್ಕೂ ಹೊಂದದಿದ್ದರೆ ಪ್ರತಿ ಸುತ್ತಿಗೂ ಚಿತ್ರ ಎಗರುತ್ತದೆ.

"ಕೂಡಲಿಲ್ವಾ? ಉಯ್ಯಾಲೆ ಹಾಕಮ್ಮ," ಎನ್ನುತ್ತಾರೆ ಸ್ಟುಡಿಯೋದ ಯಜಮಾನರು. ಉಯ್ಯಾಲೆ ಎಂದರೆ ಚಿತ್ರಗಳನ್ನು ಕೊನೆಯ ತನಕ ಓಡಿಸಿ, ಅದೇ ದಾರಿಯಲ್ಲಿ ಹಿಂದಕ್ಕೆ ಓಡಿಸುವುದು. ಹೋದದ್ದು ವಾಪಸು ಬರುತ್ತದೆ, ಎಗರುವ ಪ್ರಶ್ನೆಯೇ ಇಲ್ಲ. ಮೂವತ್ತು ವರ್ಷ ಕ್ಯಾಮೆರಾ ಹಿಡಿದ ಮನುಷ್ಯ, ಕಂಪ್ಯೂಟರ್ ಎದುರು ಮಾತ್ರ ಒಂದೇ ಬೆರಳಿನಲ್ಲಿ ಕುಟ್ಟುತ್ತಾರೆ. ಆದರೂ ಹೇಳಿದ್ದು ಸರಿಯಾಗಿರುತ್ತದೆ.

ಲೇಸಿನ ಫೋಟೋ ತೆಗೆಯಲು ಕ್ಯಾಮೆರಾದ ಕಾರ್ಡಿನಲ್ಲಿ ಜಾಗ ಸಾಲದೆ ಹಳೆಯದನ್ನು ಅಳಿಸಲು ಹೋದೆ. ಅಲ್ಲಿ ಅವರಿದ್ದರು.

ಹೋದ ವರ್ಷ ಹೊಸ ಕ್ಯಾಮೆರಾ ಬಂದ ದಿನ ಅದರ ವೇಗ ನೋಡಲೆಂದು ಬಾಗಿಲಲ್ಲಿ ನಿಂತು ಗುಂಡಿ ಒತ್ತಿ ಹಿಡಿದಿದ್ದೆ. ಇವರು ನನ್ನ ಊಟದ ಡಬ್ಬಿ ಕೊಟ್ಟು ಮೆಟ್ಟಿಲಲ್ಲಿ ನಿಂತು ರಸ್ತೆಯ ಕಡೆ ನೋಡುತ್ತಿದ್ದರು. "ರೀ" ಎಂದೆ. ತಿರುಗಿದರು, ನಕ್ಕರು. ಅಷ್ಟರಲ್ಲಿ ಒಂಬತ್ತು ಚಿತ್ರ. ಮೊದಲನೆಯದರಲ್ಲಿ ಕಿವಿ, ಕೆನ್ನೆ. ಒಂಬತ್ತನೆಯದರಲ್ಲಿ ಪೂರ್ತಿ ಮುಖ.

ಮನೆಯಲ್ಲಿ ಅವರ ವಿಡಿಯೋ ಒಂದೂ ಇಲ್ಲ. ಎಲ್ಲ ವಿಡಿಯೋ ಅವರೇ ತೆಗೆದದ್ದು. ನಾವೆಲ್ಲ ಇದ್ದೇವೆ, ಅವರಿಲ್ಲ. ಹಾಗಾಗಿ ಯಜಮಾನರು ಊಟಕ್ಕೆ ಹೋದಾಗ ಲೇಸನ್ನು ಬದಿಗಿಟ್ಟು ಆ ಒಂಬತ್ತನ್ನು ಪೋಣಿಸಿದೆ. ಒಂಬತ್ತರಿಂದ ಒಂದಕ್ಕೆ ಎಗರಿತು. ಉಯ್ಯಾಲೆ ಹಾಕಿದೆ. ಕೂಡಿತು.

ಅವರು ಅಲುಗಾಡಿದರು. ನಾನು ಮೇಜಿಗೆ ಹಣೆ ಹಚ್ಚಿ ಅತ್ತೆ. ಇದು ನನ್ನ ಪುಸ್ತಕ, ಬರೆದರೆ ಯಾರಿಗೇನು.

ಯಜಮಾನರು ಬಂದು ನೋಡಿದರು. ಅಂಚು ಗೀರಿದ್ದರಿಂದ ಮಾರಾಟವಾಗದೆ ಉಳಿದಿದ್ದ ಡಿಜಿಟಲ್ ಫೋಟೋ ಫ್ರೇಮ್ ಒಂದನ್ನು ತಂದು ನನ್ನ ಚೀಲದಲ್ಲಿ ಇಟ್ಟರು.

ಮಾರ್ಚ್ ೮, ಶುಕ್ರವಾರ

ಫ್ರೇಮನ್ನು ಫ್ರಿಜ್ಜಿನ ಮೇಲೆ ಇಟ್ಟೆವು, ಪ್ಲಗ್ಗು ಅಲ್ಲೇ ಇರುವುದು. ಅತ್ತೆ ಮೊದಲು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಕುರ್ಚಿ ಎಳೆದುಕೊಂಡು ಅದರ ಎದುರೇ ಕೂತರು, ಅಡುಗೆಮನೆಗೆ ಹೋಗುವವರೆಲ್ಲ ಅವರನ್ನು ಸುತ್ತಿಕೊಂಡು ಹೋಗಬೇಕು.

ಚಿಟಿಕೆ ಸ್ಟೂಲು ಹತ್ತಿ ಗಾಜಿಗೆ ಮೂಗು ತಗುಲಿಸಿ, "ಅಪ್ಪ, ಅಲ್ಲಿ ಊಟ ಕೊಡ್ತಾರಾ?" ಎಂದಳು.

ಪಟ್ಟಿ ಹಾಕಿದಾಗ ಹತ್ತಿರದ್ದನ್ನು ನೋಡಿಸಿ, ಬಣ್ಣ ಹಚ್ಚಿಸಿ ಎಂದಿದ್ದರು ಡಾಕ್ಟರಮ್ಮ. ಬಣ್ಣಕ್ಕಿಂತ ಇದು ಒಳ್ಳೆಯದಾಯಿತು. ಸೋಮಾರಿ ಕಣ್ಣು ಅಪ್ಪನನ್ನಾದರೂ ನೋಡಿ ಚುರುಕಾಗಲಿ. ನಾನು ಸಂಜೆಯವರೆಗೂ ಸ್ಟುಡಿಯೋದಲ್ಲಿ ಇರುವುದರಿಂದ ಪಟ್ಟಿಯ ಕೆಲಸ ಅತ್ತೆಯದು. "ಅದೇನು ಮಹಾ, ನಾನು ನೋಡ್ಕೋತೀನಿ ಹೋಗೆ," ಎಂದಿದ್ದಾರೆ.

ಬಹಳ ದಿನಗಳ ಮೇಲೆ ಮನೆಯಲ್ಲಿ ಏನೋ ಒಂದು ಸರಿ ಹೋದಂತೆ ಅನ್ನಿಸಿತು.

ಮಾರ್ಚ್ ೧೯, ಮಂಗಳವಾರ

ಅಣ್ಣ ಬಂದಿದ್ದ. ಅವನ ಮನೆಯ ಕೆಳಗಿನ ಭಾಗ ಖಾಲಿಯಾಗಿದೆಯಂತೆ.

"ನಿಮ್ಮತ್ತೇನೂ ಕರ್ಕೊಂಡು ಬಂದ್ಬಿಡು. ನಿನ್ನ ಅತ್ತಿಗೆ ಮನೇಲೇ ಇರ್ತಾಳೆ, ಮಗೂನ ನೋಡ್ಕೋತಾಳೆ. ಇಲ್ಲಿ ಈ ಐದನೇ ಮಹಡೀಲಿ ಯಾಕೆ ಒದ್ದಾಡ್ತೀಯ?"

ಒಳ್ಳೆಯ ಮಾತೇ. ಒಪ್ಪಿಕೊಳ್ಳೋಣ ಎಂದುಕೊಂಡೇ ತಟ್ಟೆ ತರಲು ಎದ್ದೆ. ಫ್ರಿಜ್ಜಿನ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತೆ. ವಾಪಸು ಬಂದು, "ಬೇಡ ಅಣ್ಣ, ಸದ್ಯಕ್ಕೆ ಬೇಡ" ಎಂದೆ. ಅವನಿಗೆ ಬೇಜಾರಾಯಿತು. ಯಾಕೆ ಎಂದು ಕೇಳಿದ. ಯಾಕೆಂದರೆ ನನಗೇನು ಗೊತ್ತು.

ಮಾರ್ಚ್ ೨೭, ಬುಧವಾರ

ಬಟ್ಟೆ ಅಂಗಡಿಯ ವರ್ಷದ ಕೆಲಸ ನಮಗೆ ಬಂದಿದೆ. ಅದನ್ನು ಪೂರ್ತಿ ನೀನೇ ನಡೆಸು ಎಂದರು ನಿನ್ನೆ ಯಜಮಾನರು. ನಾಳೆ ಹೇಳುತ್ತೇನೆ ಎಂದು ಮನೆಗೆ ಬಂದೆ, ಇವತ್ತು ಬೆಳಿಗ್ಗೆ ಆಗುವುದಿಲ್ಲ ಎಂದು ಹೇಳಿದೆ. ಅವರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು.

ಚಿಟಿಕೆಯ ಅಪ್ಪನ ಸ್ಕೂಟರ್ ಕೇಳಿಕೊಂಡು ಕೆಳಗಿನ ಮನೆಯವರು ಬಂದಿದ್ದರು. ಮಾರುವುದಿಲ್ಲ ಎಂದೆ. ಧೂಳು ಹಿಡಿದು ನಿಂತಿದೆ, ನನಗೆ ಓಡಿಸಲು ಬರುವುದಿಲ್ಲ. ಆದರೂ ಯಾಕೋ ಮನಸ್ಸು ಬರಲಿಲ್ಲ.

ಏಪ್ರಿಲ್ ೪, ಗುರುವಾರ

ಏನೂ ಇಲ್ಲ. ಎರಡು ಕಾಲಿಗೆ ಎರಡು ಬೇರೆ ಚಪ್ಪಲಿ ಹಾಕಿಕೊಂಡು ಸ್ಟುಡಿಯೋಗೆ ಹೋಗಿದ್ದೆ. ಯಾರೋ ಗಿರಾಕಿ ತೋರಿಸಿದ ಮೇಲೆ ಗೊತ್ತಾಯಿತು.

ಏಪ್ರಿಲ್ ೧೫, ಸೋಮವಾರ

ಡಾಕ್ಟರಮ್ಮ ಬಲಗಣ್ಣು ಮುಚ್ಚಿ ಗೋಡೆಯ ಅಕ್ಷರ ತೋರಿಸಿದರು. ಎಲ್ಲಕ್ಕಿಂತ ಮೇಲಿನ ದಪ್ಪ ಅಕ್ಷರವೂ ಚಿಟಿಕೆಗೆ ಗೊತ್ತಾಗಲಿಲ್ಲ. ಸುಮ್ಮನೆ ಬಾಯಿಗೆ ಬಂದದ್ದು ಹೇಳಿ ನನ್ನ ಮುಖ ನೋಡಿದಳು.

"ಪಟ್ಟಿ ಹಾಕ್ತಿದೀರಾ?"

"ದಿನಾ ಹಾಕ್ತೀವಿ."

"ಹಾಕ್ತಿಲ್ಲ," ಎಂದರು ಡಾಕ್ಟರಮ್ಮ. ದನಿ ಏರಿಸಲಿಲ್ಲ. "ಹಾಕಿದ್ರೆ ಇಷ್ಟು ಹೊತ್ತಿಗೆ ಸ್ವಲ್ಪನಾದ್ರೂ ಗೊತ್ತಾಗ್ಬೇಕಿತ್ತು. ಮುಂದಿನ ತಿಂಗಳೂ ಹೀಗೇ ಇದ್ರೆ ಆ ಕಣ್ಣಿನ ಆಸೆ ಬಿಡ್ಬೇಕಾಗುತ್ತಮ್ಮ. ನಾನು ಸುಳ್ಳು ಧೈರ್ಯ ಹೇಳೋಳಲ್ಲ."

ಮುಖಕ್ಕೆ ಹೊಡೆದ ಹಾಗಾಯಿತು. ಮನೆಗೆ ಬಂದವಳೇ ಅತ್ತೆಯ ಮೇಲೆ ಹರಿಹಾಯ್ದೆ. ಅವರು ಚಮಚ ಕೆಳಗೆ ಬೀಳಿಸಿದರು. ಎತ್ತಲು ನಾನು ಊಟದ ಮೇಜಿನಡಿ ಬಗ್ಗಿದರೆ, ಹಲಗೆಯ ಒಳಮೈ ತುಂಬ ಪಟ್ಟಿಗಳು. ಒಂದರ ಪಕ್ಕ ಒಂದು, ನೀಟಾಗಿ ಅಂಟಿಸಿವೆ. ಕೆಲವಕ್ಕೆ ಪೆನ್ಸಿಲಿನಲ್ಲಿ ಕಣ್ಣು ಬರೆದಿದ್ದಾಳೆ, ರೆಪ್ಪೆ ಸಮೇತ. ಮೇಜಿನಡಿ ಕೂತ ನನ್ನನ್ನು ಅಷ್ಟೂ ಕಣ್ಣುಗಳು ನೋಡಿದವು.

"ಯಾಕೇ ಹಿಂಗ್ ಮಾಡ್ದೆ?" ಎಂದು ಚಿಟಿಕೆಯ ತೋಳು ಹಿಡಿದು ಎಳೆದೆ.

"ಅಪ್ಪ ಬೇಡ ಅಂದ."

"ಯಾವ ಅಪ್ಪ?"

ಇದೆಂಥ ಪ್ರಶ್ನೆ ಎಂಬಂತೆ ನೋಡಿದಳು. ಸ್ಟೂಲು ಎಳೆದು ಫ್ರಿಜ್ಜಿನ ಮುಂದೆ ನಿಂತು ಕೇಳಿದಳು, "ಅಪ್ಪ, ಪಟ್ಟಿ ಹಾಕ್ಕೊಳ್ಲಾ?"

ಅವರು ಆ ಕಡೆಯಿಂದ ಈ ಕಡೆ ತಿರುಗಿದರು. ಈ ಕಡೆಯಿಂದ ಆ ಕಡೆ ತಿರುಗಿದರು. ಮತ್ತೆ ಈ ಕಡೆ. ಮತ್ತೆ ಆ ಕಡೆ. ಬೇಡ, ಬೇಡ, ಬೇಡ, ಬೇಡ. ನಗುತ್ತಾ ನಗುತ್ತಾ ಬೇಡ.



"ಮಗು ಅಳುತ್ತೆ ಕಣೆ," ಎಂದರು ಅತ್ತೆ ಸಣ್ಣ ದನಿಯಲ್ಲಿ. "ಅಪ್ಪನೇ ಬೇಡ ಅಂತಾನೆ ಅಂದ್ಲು. ನೋಡಿದ್ರೆ ನಂಗೂ ಹಂಗೇ ಕಾಣಿಸ್ತು. ಅವನು ಬೇಡ ಅಂದಮೇಲೆ ನಾನು ಹೆಂಗೆ ಬಲವಂತ ಮಾಡ್ಲಿ?"

ಮೊದಲು ಸಿಟ್ಟು ಬಂದದ್ದು ಅತ್ತೆಯ ಮೇಲಲ್ಲ, ಚಿಟಿಕೆಯ ಮೇಲೂ ಅಲ್ಲ, ಅವರ ಮೇಲೆ. ಅಲ್ಲಿ ಆರಾಮಾಗಿ ನಿಂತುಕೊಂಡು ಬೇಡ ಅನ್ನಲು ಇವರ್ಯಾರು? ಇಲ್ಲಿ ಡಾಕ್ಟರಮ್ಮನ ಮುಂದೆ ತಲೆ ತಗ್ಗಿಸಿದವಳು ನಾನು.

ಏಪ್ರಿಲ್ ೧೬, ಮಂಗಳವಾರ

ಯಜಮಾನರಿಗೆ ತೋರಿಸಿದೆ. ಕನ್ನಡಕ ಏರಿಸಿ, ಇಳಿಸಿ, "ಅಯ್ಯೋ, ಹೌದಲ್ಲಮ್ಮ," ಎಂದರು. "ತಲೆ ತಿರುಗಿಸಿದ್ದಕ್ಕೆ ಉಯ್ಯಾಲೆ ಹಾಕಿದ್ರೆ ಇನ್ನೇನಾಗುತ್ತೆ. ಲೇಸಿಗೆ ಆಗುತ್ತೆ, ಮನುಷ್ಯರಿಗೆ ನೋಡ್ಕೊಂಡು ಹಾಕ್ಬೇಕು. ನಂಗೂ ಆವತ್ತು ಹೊಳೀಲಿಲ್ಲ ನೋಡು."

ದಿನಾ ನೋಡಿದವಳು ನಾನು. ನನಗೆ ಹೊಳೆಯಬೇಕಿತ್ತು. ಎಗರುತ್ತದೆಯೇ ಇಲ್ಲವೇ ಎಂದಷ್ಟೇ ನೋಡಿದೆ, ಏನು ಹೇಳುತ್ತಿದೆ ಎಂದು ನೋಡಲೇ ಇಲ್ಲ.

ಈಗ ಒಂದೇ ದಾರಿ. ಬೇಡ ಅಂದವರಿಂದಲೇ ಹೂಂ ಅನ್ನಿಸಬೇಕು.

"ಆಗುತ್ತಾ ಸರ್?"

"ಆಗೋಕೇನು, ಆಗುತ್ತೆ." ಕನ್ನಡಕ ತೆಗೆದು ಒರೆಸುತ್ತಾ, "ಮಾಡ್ಬೇಕಾ ಅನ್ನೋದು ನಿಂಗೆ ಬಿಟ್ಟಿದ್ದಮ್ಮ," ಎಂದು ಕೆಲಸವಿಲ್ಲದಿದ್ದರೂ ಹೊರಗೆ ಹೋದರು.

ಒಂಬತ್ತನೆಯ ಚಿತ್ರ ತೆಗೆದುಕೊಂಡೆ, ಪೂರ್ತಿ ಮುಖದ್ದು. ಕಾಲರಿನಿಂದ ಮೇಲೆ ತಲೆಯನ್ನು ಬೇರೆ ಮಾಡಿದೆ. ಒಂದು ಕೂದಲೆಳೆ ಕೆಳಗೆ ಇಳಿಸಿ ಒಂದು ಚಿತ್ರ, ಇನ್ನೊಂದು ಎಳೆ ಇಳಿಸಿ ಇನ್ನೊಂದು. ಕತ್ತು ಗಿಡ್ಡವಾಗುತ್ತಿತ್ತು, ಗದ್ದದ ಕೆಳಗೆ ನೆರಳು ಸೇರಿಸಿದೆ. ತಲೆಯ ಹಿಂದೆ ಖಾಲಿ ಬಿದ್ದ ಜಾಗಕ್ಕೆ ಬೇರೆ ಚಿತ್ರದ ಗೋಡೆ ತಂದು ತುಂಬಿದೆ. ಹಣೆಯನ್ನು ಸ್ವಲ್ಪ ಅಗಲಿಸಿದೆ, ಬಗ್ಗಿದಾಗ ಹಾಗೆ ಕಾಣುತ್ತದೆ. ಮೈಮರೆತು ಮಾಡಿದೆ. ಇಷ್ಟು ಚೊಕ್ಕದ ಕೆಲಸ ಈ ವರ್ಷ ಯಾವ ಅಂಗಡಿಗೂ ಮಾಡಿಕೊಟ್ಟಿಲ್ಲ.

ಏಪ್ರಿಲ್ ೧೮, ಗುರುವಾರ

ಹೊಸ ಚಿತ್ರ ಫ್ರೇಮಿಗೆ ಹಾಕಲೆಂದು ಮಧ್ಯಾಹ್ನವೇ ಮನೆಗೆ ಬಂದೆ. ಪಟ್ಟಿ ಹಾಕ್ಕೊಳ್ಲಾ ಎಂದು ಚಿಟಿಕೆ ಕೇಳಿದಳು. ಅವರು ತಲೆ ಬಗ್ಗಿಸಿ ಹೂಂ ಅಂದರು. ಚಿಟಿಕೆ ಕಣ್ಣರಳಿಸಿ ನಿಂತಳು.

"ಅಜ್ಜೀ, ಅಪ್ಪ ಒಪ್ಕೊಂಡ!"

ತಾನೇ ಪಟ್ಟಿ ತಂದು ನನ್ನ ಕೈಗೆ ಕೊಟ್ಟಳು. ಒಂದು ಹನಿ ಕಣ್ಣೀರಿಲ್ಲ. ಸಂಜೆಯವರೆಗೂ ಎಡಗಣ್ಣಿನಲ್ಲಿ ತಡವರಿಸುತ್ತಾ, ಬಾಗಿಲಿಗೆ ಭುಜ ತಾಗಿಸಿಕೊಳ್ಳುತ್ತಾ ಮನೆ ತುಂಬ ಓಡಾಡಿದಳು. ನನಗೆ ಜೀವ ಬಂದ ಹಾಗಾಯಿತು.

ಅತ್ತೆ ಮಾತ್ರ ಬಹಳ ಹೊತ್ತು ಫ್ರೇಮನ್ನೇ ನೋಡಿ, "ಇದು ಯಾರೇ?" ಎಂದರು.

"ಯಾರು ಅಂದ್ರೆ? ನಿಮ್ಮ ಮಗ."

"ಮುಖ ಅವನದೇ. ಆದ್ರೆ ನನ್ನ ಮಗ ಹಿಂಗೆ ಯಾವತ್ತು ತಲೆ ಬಗ್ಗಿಸ್ದ? ಹೂಂ ಅನ್ನೋಕೆ ಅವನು ಹುಬ್ಬು ಎತ್ತೋನು. ಎರಡೂ ಹುಬ್ಬು. ಚಿಕ್ಕೋನಿಂದ ಹಂಗೇ."

ಹೌದು. ಹುಬ್ಬು ಎತ್ತುತ್ತಿದ್ದರು. ಅತ್ತೆ ಹೇಳುವ ತನಕ ಅದು ನನ್ನ ತಲೆಯಲ್ಲೇ ಇರಲಿಲ್ಲ. ಈಗ ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡುತ್ತೇನೆ, ಮೆಟ್ಟಿಲಲ್ಲಿ ನಿಂತು ತಲೆ ಬಗ್ಗಿಸುವವರೇ ಬರುತ್ತಾರೆ. ನಾನು ಮಾಡಿದವರು.

ಏಪ್ರಿಲ್ ೨೫, ಗುರುವಾರ

ಈ ವಾರ ಯಾಕೋ ಕೆಲಸಗಳೆಲ್ಲ ಸರಾಗ. ಬಟ್ಟೆ ಅಂಗಡಿಯ ಕೆಲಸ ನಾನೇ ಮಾಡುತ್ತೇನೆ ಎಂದು ಹೇಳಿದೆ. ಸ್ಕೂಟರ್ ಕೆಳಗಿನ ಮನೆಯವರಿಗೆ ಕೊಟ್ಟುಬಿಟ್ಟೆ. ಅಣ್ಣನಿಗೆ ಫೋನ್ ಮಾಡಿ ಬರುತ್ತೇವೆ ಎಂದೆ.

ಅತ್ತೆಗೆ ವಿಷಯ ಗೊತ್ತಾದದ್ದು ಅಣ್ಣ ವಾಪಸು ಫೋನ್ ಮಾಡಿದಾಗ.

"ಮನೆ ಬಿಡೋ ವಿಷ್ಯ. ನನ್ನನ್ನೂ ಒಂದ್ ಮಾತು ಕೇಳ್ಬಹುದಿತ್ತು," ಎಂದರು.

ಅವರು ಒಪ್ಪಿದರಲ್ಲ ಅತ್ತೆ, ಎಂದು ಬಾಯಿಯ ತನಕ ಬಂದಿತ್ತು. ಕೆಮ್ಮಿ ಒಳಗೆ ಹೋದೆ.

ಚಿಟಿಕೆಗೂ ಈಗ ರಾಜಯೋಗ. ಊಟಕ್ಕೆ ಮೊದಲು ಚಾಕಲೇಟ್ ತಿನ್ನಲಾ? ಹೂಂ. ಹಲ್ಲುಜ್ಜದೆ ಮಲಗಲಾ? ಹೂಂ. ಅಮ್ಮನ ಲಿಪ್‌ಸ್ಟಿಕ್ ಹಚ್ಚಿಕೊಳ್ಳಲಾ? ಅಪ್ಪನಿಗೆ ಅದಕ್ಕೂ ಅಭ್ಯಂತರವಿಲ್ಲ. ತುಟಿ, ಕೆನ್ನೆ, ಗೋಡೆ ಎಲ್ಲ ಕೆಂಪು. ನಾನು ಗದರಿದರೆ ಸೊಂಟದ ಮೇಲೆ ಕೈಯಿಟ್ಟು, "ಅಪ್ಪನ್ನ ಕೇಳು ಬೇಕಾದ್ರೆ" ಎನ್ನುತ್ತಾಳೆ. ನಗು ಬಂತು. ಪಟ್ಟಿ ಹಾಕಿಕೊಳ್ಳುತ್ತಾಳಲ್ಲ, ಸಾಕು.

ಏಪ್ರಿಲ್ ೨೯, ಸೋಮವಾರ

ನಿನ್ನೆಯದನ್ನು ನಿನ್ನೆ ಬರೆಯಲು ಆಗಲಿಲ್ಲ.

ಭಾನುವಾರ, ಮಧ್ಯಾಹ್ನ. ಅತ್ತೆ ಮಲಗಿದ್ದರು. ನಾನು ಬಚ್ಚಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಚಿಟಿಕೆಯ ದನಿ ಕೇಳಿಸುತ್ತಿತ್ತು, ಎಂದಿನ ಹಾಗೆ ಏನೋ ಅಪ್ಪಣೆ ಕೇಳುತ್ತಿದ್ದಾಳೆ ಎಂದುಕೊಂಡು ನಲ್ಲಿ ಜೋರು ಮಾಡಿದೆ. ನಲ್ಲಿ ನಿಲ್ಲಿಸಿದಾಗ ಮನೆ ನಿಶ್ಶಬ್ದವಾಗಿತ್ತು. ಸ್ಟೂಲು ಫ್ರಿಜ್ಜಿನ ಮುಂದೆ ಇತ್ತು. ಮುಂಬಾಗಿಲು ತೆರೆದಿತ್ತು. ಚಪ್ಪಲಿ ಗೂಡಿನಲ್ಲಿ ಅವಳ ಬೂಟು ಇರಲಿಲ್ಲ.

ಕೆಳಗೆ ಓಡಿದೆ. ಅಂಗಳ, ಗೇಟು, ರಸ್ತೆಯ ಎರಡೂ ಕಡೆ. ಬಲಗಣ್ಣಿಗೆ ಪಟ್ಟಿ ಇದೆ, ಬರುವ ಗಾಡಿ ಅವಳಿಗೆ ಕಾಣುವುದಿಲ್ಲ, ಇದೊಂದೇ ತಲೆಯಲ್ಲಿ. ಗೇಟಿನ ಕಾವಲುಗಾರ, "ಮಗು ಇಳಿದು ಬಂದಿಲ್ಲಮ್ಮ, ನಾನಿಲ್ಲೇ ಇದೀನಲ್ಲ," ಎಂದ. ಅವನಿಗೇ ಮೊದಲು ಕಂಡದ್ದು: ಲಿಫ್ಟ್ ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ ನಿಂತಿತ್ತು.

ತಾರಸಿಯ ಬಾಗಿಲು ಒರಗಿಸಿತ್ತಷ್ಟೇ. ತಾರಸಿಯ ಅಂಚಿನ ಗೋಡೆ ನನ್ನ ಮೊಣಕಾಲಿಗೆ ಬರುತ್ತದೆ. ಚಿಟಿಕೆ ಆ ಕಡೆಯ ತುದಿಯಲ್ಲಿ, ಲಿಫ್ಟಿನ ಮೋಟಾರ್ ಇರುವ ಕೋಣೆಯ ಕಬ್ಬಿಣದ ಬಾಗಿಲಿನ ಮುಂದೆ ನಿಂತಿದ್ದಳು, ಅಂಚಿನ ಪಕ್ಕದಲ್ಲೇ. ಬೆನ್ನಿಗೆ ಶಾಲೆಯ ಚೀಲ. ಎರಡೂ ಕೈಯಲ್ಲಿ ಬಾಗಿಲು ಬಡಿಯುತ್ತಿದ್ದಳು.

"ಅಪ್ಪ, ಬಾಗಿಲು ತೆಗಿ. ನಾನು ಬಂದಿದೀನಿ. ನಾನೂ ಬಂದ್ಬಿಡ್ಲಾ ಅಂದ್ರೆ ನೀನೇ ಹೂಂ ಅಂದ್ಯಲ್ಲ."

ಕೂಗಿದರೆ ಬೆಚ್ಚಿ ಹೆಜ್ಜೆ ತಪ್ಪಿಯಾಳೆಂದು ಕೂಗಲಿಲ್ಲ. ಹೇಗೆ ನಡೆದೆನೋ ಗೊತ್ತಿಲ್ಲ. ಚೀಲ ಹಿಡಿದು ಎಳೆದು ನನ್ನ ಮೇಲೇ ಬೀಳಿಸಿಕೊಂಡೆ. ಹೊಡೆದೆ. ಮುದ್ದಿಟ್ಟೆ. ಮತ್ತೆ ಹೊಡೆದೆ.

ಚೀಲದಲ್ಲಿ ಎರಡು ಫ್ರಾಕು, ಪೆನ್ಸಿಲ್ ಡಬ್ಬಿ, ಕಣ್ಣಿನ ಪಟ್ಟಿಗಳ ಪೊಟ್ಟಣ ಇದ್ದವು. ಅಲ್ಲಿಗೆ ಹೋದ ಮೇಲೂ ಹಾಕಿಕೊಳ್ಳಲೆಂದು.

ಏಪ್ರಿಲ್ ೩೦, ಮಂಗಳವಾರ

ಫ್ರೇಮಿನ ಪ್ಲಗ್ಗನ್ನು ಮೊನ್ನೆಯೇ ಕಿತ್ತಿದ್ದೆ. ಇವತ್ತು ಅದನ್ನು ಸ್ಟುಡಿಯೋಗೆ ಒಯ್ದೆ. ಹೂಂ ಅನ್ನುವವರನ್ನು ಅಳಿಸಿದೆ. ಅಳಿಸುವಾಗ ಅಳು ಬರಲಿಲ್ಲ, ಅವರು ಯಾರೋ. ಕ್ಯಾಮೆರಾದಿಂದ ಬಂದ ಒಂಬತ್ತು ಚಿತ್ರಗಳನ್ನು ಬಂದ ಹಾಗೇ ಸಾಲಾಗಿ ಇಟ್ಟೆ. ಉಯ್ಯಾಲೆ ಹಾಕಲಿಲ್ಲ. ಎಷ್ಟು ಸುತ್ತು ಎಂದು ಕೇಳುವ ಜಾಗದಲ್ಲಿ ಒಂದು ಎಂದು ಒತ್ತಿದೆ.

ಯಜಮಾನರು ಹಿಂದೆ ನಿಂತಿದ್ದರು. "ಒಂದೇ ಸಲ ಓಡಿ ನಿಂತ್ಬಿಡುತ್ತಲ್ಲಮ್ಮ."

"ನಿಲ್ಲಲಿ ಸರ್."

ಮನೆಗೆ ಬಂದು ಮೊದಲು ಅತ್ತೆಯನ್ನು ಕೇಳಿದೆ, ಅಣ್ಣನ ಮನೆಗೆ ಹೋಗುವುದಾ ಬೇಡವಾ ಎಂದು. "ಯೋಚನೆ ಮಾಡಿ ಹೇಳ್ತೀನಿ," ಎಂದರು. ಯೋಚಿಸಲಿ. ಆಮೇಲೆ ಇಬ್ಬರನ್ನೂ ಊಟದ ಮೇಜಿನ ಮುಂದೆ ಕೂರಿಸಿ ಫ್ರೇಮನ್ನು ನಡುವೆ ಇಟ್ಟೆ.

ಅವರು ರಸ್ತೆ ನೋಡಿದರು. ತಿರುಗಿದರು. ನಕ್ಕರು. ನಿಂತರು.

ಚಿಟಿಕೆ ಕಾದಳು. "ಅಪ್ಪ, ಪಟ್ಟಿ ಹಾಕ್ಕೊಳ್ಲಾ?" ಇನ್ನೂ ಕಾದಳು. ಗಾಜನ್ನು ಬೆರಳಿನಿಂದ ಕುಕ್ಕಿದಳು. "ಅಪ್ಪಾ! ಹೇಳು!" ನನ್ನ ಕಡೆ ತಿರುಗಿ, "ಕೆಟ್ಟೋಗಿದೆ, ಸರಿ ಮಾಡು" ಎಂದಳು.

"ಕೆಟ್ಟಿಲ್ಲ. ಇಷ್ಟೇ ಇರೋದು."

ಅತ್ತೆ ಮೇಜಿನಡಿ ನನ್ನ ಕೈ ಗಟ್ಟಿಯಾಗಿ ಹಿಡಿದರು. "ಬೇಡ ಕಣೆ, ಇವತ್ತು ಬೇಡ."

ಅವರ ಕೈಯನ್ನು ಹಾಗೇ ಹಿಡಿದುಕೊಂಡು ಹೇಳಿದೆ. "ಚಿಟಿಕೆ, ಅಪ್ಪ ಲಿಫ್ಟ್ ರಿಪೇರಿಗೆ ಹೋಗಿಲ್ಲ. ಅಪ್ಪ ಸತ್ತುಹೋಗಿದಾರೆ."

"ಯಾವಾಗ?"

"ಆವತ್ತೇ. ಆ ಕುರ್ಚಿ ಮೇಲೆ ಕೂತಿದ್ರಲ್ಲ, ಮನೆ ತುಂಬ ಜನ ಬಂದಿದ್ರಲ್ಲ, ಆವತ್ತು."

ಕುರ್ಚಿ ನೋಡಿದಳು. ಫ್ರೇಮ್ ನೋಡಿದಳು. ಅವಳ ಹಣೆಯಲ್ಲಿ ಸಣ್ಣ ಗಂಟು ಬಿತ್ತು, ಲೆಕ್ಕ ಹೊಂದದಾಗ ಬೀಳುವಂಥದು.

"ಮತ್ತೆ ಬೇಡ ಅಂದಿದ್ದು ಯಾರು?"

"ನಾನು."

"ಹೂಂ ಅಂದಿದ್ದು?"

"ಅದೂ ನಾನೇ."

"ಬಾ ಅಂದಿದ್ದು?"

ಅವಳ ಕಡೆ ಕೈ ಚಾಚಿದೆ. ತಲೆ ಮಾತ್ರ ಆಡಿಸಲಿಲ್ಲ. ಅವಳಿಗೆ ಗೊತ್ತಾಯಿತು. ಮೇಜು ಹತ್ತಿ ಬಂದು ಎದೆಗೆ, ಮುಖಕ್ಕೆ, ಕೈಗೆ ಸಿಕ್ಕಲ್ಲಿಗೆ ಗುದ್ದಿದಳು. "ನೀನು ಸುಳ್ಳಿ, ನೀನು ಸುಳ್ಳಿ," ಎಂದು ಕಿರುಚಿದಳು. ಅತ್ತೆ ಬಿಡಿಸಲು ಬಂದರು, ಬೇಡ ಎಂದೆ. ನಾಲ್ಕು ತಿಂಗಳಿಂದ ಕೂಡಿಟ್ಟದ್ದು ಪೂರ್ತಿ ಬರಲಿ. ಆಮೇಲೆ ಅಪ್ಪ ಎಂದು ಅತ್ತಳು. ಇಷ್ಟು ದಿನ ಕರೆದ ಹಾಗಲ್ಲ, ಬೇರೆ ಥರ. ನಾವು ಮೂವರೂ ಅತ್ತೆವು.

ಅವರು ಸತ್ತ ದಿನ ಈ ಮನೆಯಲ್ಲಿ ಮಗುವಿಗೆ ಕೇಳಿಸದಿರಲೆಂದು ನಾವು ಬಾಯಿಗೆ ಬಟ್ಟೆ ಇಟ್ಟುಕೊಂಡು ಅತ್ತಿದ್ದೆವು.

ಅಳು ಬಿಕ್ಕಳಿಕೆಗೆ ಇಳಿದಾಗ ಪಟ್ಟಿ ತಂದೆ.

"ಯಾರು ಹೇಳಿದ್ರು?" ಎಂದಳು ಮುಖ ತಿರುಗಿಸಿ.

"ನಾನು ಹೇಳ್ತಿದೀನಿ. ಅಮ್ಮ."

ಒಲ್ಲೆ ಎಂದಳು. ತಲೆಯನ್ನು ಒತ್ತಿ ಹಿಡಿದು ಹಾಕಿದೆ. ಕೆನ್ನೆಯೆಲ್ಲ ಒದ್ದೆ, ಅಂಟು ಹಿಡಿಯಲಿಲ್ಲ, ಪಟ್ಟಿ ಜಾರಿ ಅವಳ ಮಡಿಲಿಗೆ ಬಿತ್ತು. ಸೆರಗಿನಿಂದ ಅವಳ ಮುಖ ಒರೆಸಿದೆ. ನನ್ನ ಮುಖ ಒರೆಸಿಕೊಂಡೆ. ಪೊಟ್ಟಣದಿಂದ ಇನ್ನೊಂದು ತೆಗೆದೆ.